ತಡಿ

ಉಪ್ಪಳದ ನಮ್ಮ ಶಾಲೆಗೆ ವರ್ಷಕ್ಕೊಮ್ಮೆ
ನರ್ಸಮ್ಮನ ಜೊತೆ ಆಟೋದಲ್ಲಿ
ತೂಕದ ಮಿಷನು ಬರುತ್ತದೆ.
ತುಂಬಬೇಕಾದ ಫಾರಮು ಮಲೆಯಾಳದಲ್ಲಿ,
ಹೆಸರು ಕೂಗುವುದು ಕನ್ನಡದಲ್ಲಿ,
ಸಾಲಿನ ನೂಕಾಟ ತುಳು, ಬ್ಯಾರಿ, ಕೊಂಕಣಿ,
ಮೂಲೆಯಲ್ಲೊಂದಿಷ್ಟು ಮರಾಟಿ.
ಅಂಕೆಗೆ ಮಾತ್ರ ಭಾಷೆಯಿಲ್ಲ.

ಐದನೆಯ ಪ್ರಣಮ್ಯ ಸಾಲಿನ ಕೊನೆಗೆ.
ಹಿಂದೆ ಯಾರಾದರೂ ಬಂದು ನಿಂತರೆ
ಅವರನ್ನು ಮುಂದೆ ಬಿಟ್ಟು ಮತ್ತೆ ಕೊನೆಗೆ.
ಚಪ್ಪಲಿ ಕಳಚಿದಳು. ಕಾಲ್ಗೆಜ್ಜೆ ಕಳಚಿದಳು.
ಕೂದಲಿನ ಎರಡು ಕ್ಲಿಪ್ಪು,
ಕಿಸೆಯ ರಬ್ಬರು, ಕಟ್ಟರು, ಹತ್ತರ ಎರಡು ನಾಣ್ಯ
ನನ್ನ ಮೇಜಿನ ಮೇಲಿಟ್ಟು
ಉಸಿರನ್ನೆಲ್ಲ ಹೊರಗೆ ಬಿಟ್ಟು ಹತ್ತಿದಳು,
ಉಸಿರಿಗೂ ತೂಕವಿದ್ದೀತೆಂದು.

ಮುಳ್ಳು ನಡುಗಿ ನಡುಗಿ ಐವತ್ತಮೂರರಲ್ಲಿ ನಿಂತಿತು.
ಹಾಜರಿ ಪುಸ್ತಕ ಅಡ್ಡ ಹಿಡಿದೆ. ತಡವಾಗಿತ್ತು.
ಕಿಟಕಿಯಾಚೆಯಿಂದ ಏಳನೆಯವನೊಬ್ಬ
"ತಡಿಚ್ಚಿ" ಅಂದ.

ಮಲೆಯಾಳದಲ್ಲಿ ತಡಿಯೆಂದರೆ ಮೈ, ಕೊಬ್ಬು, ಮರದ ದಿಮ್ಮಿ.
ಕನ್ನಡದಲ್ಲಿ ತಡಿಯೆಂದರೆ ಹೊಳೆಯ ದಂಡೆ,
ತಡಿಯೆಂದರೆ ಸ್ವಲ್ಪ ನಿಲ್ಲು.
ಹುಡುಗಿ ನಿಂತೇ ಇದ್ದಳು
ಇಳಿಯಲು ಮರೆತು.

ಗೊತ್ತಿಲ್ಲದ ಮಗುವಲ್ಲ ಇದು.
ಪೋಷಕಾಂಶದ ಕ್ವಿಜ್ಜಿನಲ್ಲಿ ಉಪಜಿಲ್ಲೆಗೇ ಎರಡನೆಯವಳು.
ಇರುಳುಗಣ್ಣಿಗೆ ಎ, ಒಸಡಿನ ರಕ್ತಕ್ಕೆ ಸಿ,
ನುಗ್ಗೆಸೊಪ್ಪಲ್ಲಿ ಕಬ್ಬಿಣ, ಬೂತಾಯಿಯಲ್ಲಿ ಒಳ್ಳೆಯ ಕೊಬ್ಬು,
ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾಳು.
ನಾನೇ ಕಲಿಸಿದ್ದು. ಕರಿದದ್ದು ಬೇಡ, ಬಣ್ಣದ ನೀರು ಬೇಡ.
ಕಲಿಸಿ ಸ್ಟಾಫ್‌ರೂಮಿಗೆ ಹೋಗಿ
ಬೇಕರಿಯ ಮೊಟ್ಟೆ ಪಫ್ಸ್ ತಿಂದು
ಸೆರಗಿನ ಮೇಲಿನ ಪದರು ಕೊಡವಿಕೊಂಡದ್ದೂ ನಾನೇ.

ಅವಳಮ್ಮ ಬಬಿತಾ ಹೊಸಂಗಡಿಯ ಜವುಳಿ ಅಂಗಡಿಯಲ್ಲಿ
ಒಂಬತ್ತರಿಂದ ಒಂಬತ್ತು ನಿಂತೇ ಇರುವವಳು.
ಗಂಜಿ ಬೇಯುವ ಮೊದಲೇ ಬಸ್ಸು.
ಆ ಎರಡು ನಾಣ್ಯ ಅಮ್ಮನ ಬದಲಿಗೆ.
ನಾಲ್ಕು ಗಂಟೆಗೆ ನಾಣ್ಯಕ್ಕೊಂದು ಪೊಟ್ಟಣ, ನಾಣ್ಯಕ್ಕೊಂದು ಬಾಟ್ಲಿ,
ಆಮೇಲೆ ಒಳಗಿನಿಂದ ಚಿಲಕ, ಟಿವಿ,
ಕತ್ತಲಾದರೂ ಬಾಗಿಲು ತೆರೆಯಬಾರದೆಂಬ ಆಣೆ.

ಆಟಕ್ಕೆಂದು ಇದ್ದ ಬಯಲಿನರ್ಧ
ಹೆದ್ದಾರಿಯ ಹೊಟ್ಟೆಗೆ ಹೋಯಿತು.
ಅದನ್ನು ಯಾರೂ ತೂಕಕ್ಕೆ ನಿಲ್ಲಿಸಲಿಲ್ಲ.
ಉಳಿದರ್ಧದಲ್ಲಿ ಜಲ್ಲಿಯ ರಾಶಿ.
ಮೊದಲು ಮಕ್ಕಳು ಓಡಿ ದಾಟುತ್ತಿದ್ದಲ್ಲಿ
ಈಗ ಮುನ್ನೂರು ಹೆಜ್ಜೆಗೆ ವ್ಯಾನು.

ತುಳುವಿನಲ್ಲಿ ಹಸಿವಿಗೆ ಬಡವು ಅನ್ನುತ್ತಾರೆ.
ಅಡುಗೆಯ ಅಪ್ಪಿಯಕ್ಕ ದಿನವೂ ಕೇಳುವುದು ಅದೊಂದೇ:
"ಬಡಾಪುಂಡಾ ಬಾಲೆ?"
ಎಷ್ಟು ಕಿಲೋ ಎಂದು ಕೇಳಿದವಳಲ್ಲ.
ಇದೇ ಜಗಲಿಯಲ್ಲಿ ಅಮೆರಿಕದ ಗೋಧಿ ಉಪ್ಪಿಟ್ಟಿಗೆ
ಸಾಲು ನಿಂತು, ಎಲೆ ನೆಕ್ಕಿ,
ಮೋರೆ ಒರಸಿಕೊಂಡು ಮತ್ತೆ ಸಾಲು ಸೇರಿದವಳು.
ದಪ್ಪ ಮಗುವೆಂದರೆ ಅವಳ ಕಣ್ಣಿಗೆ ಇವತ್ತಿಗೂ
ಗೆದ್ದು ಬಂದ ಮಗು.

ಮಧ್ಯಾಹ್ನ ಅನ್ನ, ಪದೆಂಗಿ ಗಸಿ, ಮೊಟ್ಟೆ.
ಪ್ರಣಮ್ಯ ತಟ್ಟೆ ಮಗುಚಿಟ್ಟು ಕೂತಿದ್ದಳು.
"ನನಗೆ ಹೊಟ್ಟೆ ತುಂಬಿದೆ," ಅಂದಳು
ಪಾಠ ಒಪ್ಪಿಸುವ ಕನ್ನಡದಲ್ಲಿ.
ಅಪ್ಪಿಯಕ್ಕ ನನ್ನನ್ನು ನೋಡಿದಳು.
ನಾನು ಫಾರಮು ನೋಡಿದೆ.

ಅವಳೇ ಬಗ್ಗಿ ತಟ್ಟೆ ತಿರುಗಿಸಿದಳು.
ಅರ್ಧ ಸೌಟು ಅನ್ನ, ಎರಡು ಸೌಟು ಪದೆಂಗಿ.
ಮೊಟ್ಟೆ ಸುಲಿದಿಟ್ಟಳು.
ತಿನ್ನೆಂದು ಹೇಳಲಿಲ್ಲ,
ತಾನೂ ಒಂದು ತಟ್ಟೆ ಹಾಕಿಕೊಂಡು
ಮಂಡಿನೋವಿನ ಕಾಲು ಚಾಚಿ ಪಕ್ಕದಲ್ಲಿ ಕೂತಳು.
ಹದಿನಾರು ವರ್ಷದಲ್ಲಿ
ಅವಳು ಉಣ್ಣುವುದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ನನ್ನ ಮೇಜಿನ ಮೇಲೆ ಇನ್ನೂ ಆ ಎರಡು ನಾಣ್ಯ.
ಕೊಟ್ಟರೊಂದು, ಕೊಡದಿದ್ದರೊಂದು.
ಗೇಟಿನಲ್ಲಿ ವ್ಯಾನಿನ ಹಾರನ್ನು.
ಮುಷ್ಟಿಯಲ್ಲಿ ಹಿಡಿದು ಓಡಿದೆ, ಏದುಸಿರು ಬಿಡುತ್ತ,
ಜಲ್ಲಿಯ ಮೇಲೆ ಚಪ್ಪಲಿ ಜಾರಿ.
"ಪ್ರಣಮ್ಯಾ, ತಡಿ!"

ಕೂಗಿದ್ದು ನನ್ನದೇ ಬಾಯಿ.
ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು
ತಿರುಗಿ ನನ್ನ ಮುಖ ನೋಡಿದಳು,
ಯಾವ ಭಾಷೆಯಲ್ಲಿ ಕೇಳಿಸಿತೋ.